ಪ್ರೊಜೆಕ್ಟೈಲ್ ಲೆಕ್ಕಗಳು: ಪಿಯುಸಿ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಪಿಯುಸಿ ಭೌತಶಾಸ್ತ್ರದಲ್ಲಿ ಸಮತಲದ ಚಲನೆಯ ಪಾಠ ಶುರುವಾದ ಕೂಡಲೇ ಪ್ರಶ್ನೆಗಳು ಜಾಸ್ತಿಯಾಗುತ್ತವೆ. ಕ್ಲಾಸ್ ಮುಗಿದ ಮೇಲೆ ನಿಲ್ಲಿಸಿ ಕೇಳುವವರಿದ್ದಾರೆ, ವಾಟ್ಸ್ಆ್ಯಪ್‌ನಲ್ಲಿ ಲೆಕ್ಕದ ಫೋಟೊ ಕಳಿಸುವವರಿದ್ದಾರೆ, ಮಕ್ಕಳಿಗೆ ಹೇಳಿಕೊಡಲು ಕೂತ ಅಪ್ಪ ಅಮ್ಮಂದಿರೂ ಇದ್ದಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಕೆಳಗೆ ಎಲ್ಲ ಕಡೆ 'ಯು' ಅಂದರೆ ಎಸೆದ ಕ್ಷಣದ ವೇಗ. 'ಥೀಟಾ' ಅಂದರೆ ನೆಲಮಟ್ಟದಿಂದ ಅಳೆದ ಕೋನ. 'ಜಿ' ಅಂದರೆ ಗುರುತ್ವದ ವೇಗೋತ್ಕರ್ಷ, ಗುರುತ್ವದಿಂದ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಬದಲಾಗುತ್ತದೆ ಅನ್ನುವ ಪ್ರಮಾಣ. ಬೇರೆ ಹೇಳದಿದ್ದರೆ ಜಿ ಬೆಲೆ 10 ಎಂದೇ ಹಿಡಿದಿದ್ದೇನೆ.

## ಬುನಾದಿ

ಪ್ರೊಜೆಕ್ಟೈಲ್ ಅಂದ್ರೆ ಹಾರೋದೆಲ್ಲಾನಾ? ರಾಕೆಟ್ ಕೂಡ ಪ್ರೊಜೆಕ್ಟೈಲೇ ಅಲ್ವಾ ಸರ್?

ಅಲ್ಲ. ಕೈಯಿಂದಲೋ ಯಂತ್ರದಿಂದಲೋ ಹೊರಟ ಮೇಲೆ ಗುರುತ್ವ ಒಂದೇ ಎಳೆಯುತ್ತಿರಬೇಕು. ಅದು ಪ್ರೊಜೆಕ್ಟೈಲ್. ಎಸೆದ ಕಲ್ಲು, ಮೇಜಿನಿಂದ ಉರುಳಿಬಿದ್ದ ಗೋಲಿ, ಪೈಪಿನಿಂದ ಚಿಮ್ಮಿದ ನೀರಿನ ಹನಿ, ಲಾಂಗ್ ಜಂಪ್ ಹಾರಿದ ಓಟಗಾರ, ಇವೆಲ್ಲ ಆ ಗುಂಪಿಗೆ ಸೇರುತ್ತವೆ. ರಾಕೆಟ್ಟಿನ ಎಂಜಿನ್ ಉರಿಯುವಷ್ಟು ಹೊತ್ತು ಅದನ್ನು ಇನ್ನೊಂದು ಬಲ ತಳ್ಳುತ್ತಿರುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಅದು ಪ್ರೊಜೆಕ್ಟೈಲ್ ಅಲ್ಲ. ಇಂಧನ ಮುಗಿದ ಕ್ಷಣದಿಂದ ಆಗುತ್ತದೆ. ಪರೀಕ್ಷೆಯಲ್ಲಿ ಇಂಥ ಲೆಕ್ಕ ಬಂದರೆ ಎರಡು ಭಾಗ ಮಾಡಿ. ಮೊದಲ ಭಾಗದ ಕೊನೆಯ ವೇಗವೇ ಎರಡನೇ ಭಾಗದ ಯು.

ಅಡ್ಡಕ್ಕೆ ಜೋರಾಗಿ ಎಸೆದ ಕಲ್ಲು, ಸುಮ್ನೆ ಕೈಬಿಟ್ಟ ಕಲ್ಲು ಒಟ್ಟಿಗೇ ನೆಲಕ್ಕೆ ಬೀಳುತ್ತೆ ಅಂತಾರೆ. ನಂಬೋಕೇ ಆಗಲ್ಲ.

ನಂಬಬೇಡಿ, ಮಾಡಿ ನೋಡಿ. ಮೇಜಿನ ಅಂಚಿನಲ್ಲಿ ಎರಡು ಒಂದೇ ಥರದ ನಾಣ್ಯ ಇಡಿ. ಒಂದನ್ನು ಬೆರಳಿನಿಂದ ಅಡ್ಡಕ್ಕೆ ಜೋರಾಗಿ ಚಿಮ್ಮಿಸಿ, ಅದೇ ಕ್ಷಣಕ್ಕೆ ಇನ್ನೊಂದನ್ನು ಅಂಚಿನಿಂದ ಮೆಲ್ಲಗೆ ಜಾರಿಸಿ. ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳಿ. ಸರಿಯಾಗಿ ಒಟ್ಟಿಗೇ ಹೊರಟಿದ್ದರೆ ಎರಡು ಸದ್ದು ಒಂದೇ ಆಗಿ ಕೇಳುತ್ತದೆ.

ಕಾರಣ ಇಷ್ಟೇ: ಗುರುತ್ವ ಎಳೆಯುವುದು ಕೆಳಕ್ಕೆ ಮಾತ್ರ. ಅಡ್ಡಕ್ಕೆ ಎಷ್ಟು ವೇಗ ಇದ್ದರೂ ಕೆಳಕ್ಕೆ ಬೀಳುವ ಲೆಕ್ಕಕ್ಕೆ ಅದು ಸೇರುವುದಿಲ್ಲ. ಇಟಲಿಯ ಗೆಲಿಲಿಯೊ 1638ರಲ್ಲಿ ಅಚ್ಚಾದ ತನ್ನ ಕೊನೆಯ ಪುಸ್ತಕದಲ್ಲಿ ಈ ಮಾತನ್ನು ಗಣಿತವಾಗಿ ಬಿಡಿಸಿ ಬರೆದ. ಅಡ್ಡ ಚಲನೆ ಒಂದೇ ವೇಗದ್ದು, ಲಂಬ ಚಲನೆ ವೇಗ ಹೆಚ್ಚುತ್ತಾ ಹೋಗುವಂಥದ್ದು, ಎರಡೂ ಸೇರಿದರೆ ಪ್ಯಾರಬೋಲ ಎಂಬ ಬಾಗಿದ ಪಥ. ಈ ಪಾಠದಲ್ಲಿ ಗಟ್ಟಿಯಾಗಿ ಹಿಡಿಯಬೇಕಾದದ್ದು ಇದೊಂದೇ ಅಂತ ನನ್ನ ಅಭಿಪ್ರಾಯ. ಸೂತ್ರಗಳೆಲ್ಲ ಇದರ ಹಿಂದೆ ಬರುತ್ತವೆ.

ಮೇಲಕ್ಕೆ ಹೋಗ್ತಿರುವಾಗ ಎಸೆದ ಬಲ ಇನ್ನೂ ಕೆಲಸ ಮಾಡ್ತಿರುತ್ತಲ್ವಾ? ಇಲ್ಲಾಂದ್ರೆ ಮೇಲಕ್ಕೆ ಹೋಗೋದು ಹೇಗೆ?

ಕೈಬಿಟ್ಟ ಕ್ಷಣಕ್ಕೆ ಕೈಯ ಬಲ ಮುಗಿಯಿತು. ಚೆಂಡಿನಲ್ಲಿ ಉಳಿದಿರುವುದು ವೇಗ, ಬಲ ಅಲ್ಲ. ಚಲಿಸುತ್ತಿರಲು ಬಲ ಬೇಕಿಲ್ಲ, ವೇಗ ಬದಲಾಗಲು ಬೇಕು. ಎಸೆದ ಬಲ ಒಳಗೇ ಉಳಿಯುತ್ತದೆ ಅಂತ ತಿಳಿದವರು ನೀವೊಬ್ಬರೇ ಅಲ್ಲ. 14ನೇ ಶತಮಾನದ ಪ್ಯಾರಿಸ್‌ನಲ್ಲಿ ಬುರಿಡಾನ್ ಎಂಬ ದೊಡ್ಡ ಪಂಡಿತ ಕೂಡ, ಎಸೆಯುವವನು ವಸ್ತುವಿನೊಳಗೆ ಒಂದು ತಳ್ಳುವ ಗುಣವನ್ನು ತುಂಬುತ್ತಾನೆ ಅಂತಲೇ ವಿವರಿಸಿದ್ದ. ನಿಮ್ಮ ಚಿತ್ರದಲ್ಲಿ ಗಾಳಿಯಲ್ಲಿರುವ ಚೆಂಡಿಗೆ ಒಂದೇ ಬಾಣ ಇರಬೇಕು, ಕೆಳಮುಖವಾಗಿ. ಎರಡನೇ ಬಾಣ ಬರೆದಿದ್ದರೆ ಅಳಿಸಿ.

ತುತ್ತತುದಿಯಲ್ಲಿ ವೇಗ ಸೊನ್ನೆ, ಹಾಗಾದ್ರೆ ವೇಗೋತ್ಕರ್ಷನೂ ಸೊನ್ನೆ ಅಲ್ವಾ?

ಎರಡೂ ತಪ್ಪು. ಪ್ರತಿ ವರ್ಷ ಅಂಕ ಹೋಗುವ ಜಾಗ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಓರೆಯಾಗಿ ಎಸೆದ ಚೆಂಡಿಗೆ ತುದಿಯಲ್ಲಿ ಸೊನ್ನೆಯಾಗುವುದು ಲಂಬ ವೇಗ ಮಾತ್ರ. ಅಡ್ಡ ವೇಗ ಹೊರಟಾಗ ಎಷ್ಟಿತ್ತೋ ಅಷ್ಟೇ ಇರುತ್ತದೆ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ 60 ಡಿಗ್ರಿಗೆ ಎಸೆದರೆ ತುದಿಯಲ್ಲಿ ವೇಗ ಸೆಕೆಂಡಿಗೆ 10 ಮೀಟರ್. ನೆಟ್ಟಗೆ ಮೇಲಕ್ಕೆ ಎಸೆದಾಗ ಮಾತ್ರ ತುದಿಯಲ್ಲಿ ಪೂರ್ತಿ ಸೊನ್ನೆ.

ಇನ್ನು ವೇಗೋತ್ಕರ್ಷ. ತುದಿಯಲ್ಲಿ ಅದು ಸೊನ್ನೆಯಾಗಿದ್ದರೆ ಲಂಬ ವೇಗ ಸೊನ್ನೆಯಲ್ಲೇ ಉಳಿಯುತ್ತಿತ್ತು. ಚೆಂಡು ಕೆಳಗೆ ಬರುತ್ತಲೇ ಇರಲಿಲ್ಲ, ಅದೇ ಎತ್ತರದಲ್ಲಿ ಅಡ್ಡಕ್ಕೆ ಹೋಗುತ್ತಲೇ ಇರುತ್ತಿತ್ತು. ಹಾಗೆ ಆಗುವುದಿಲ್ಲವಲ್ಲ. ಗುರುತ್ವ ತುದಿಯಲ್ಲಿ ರಜೆ ಹಾಕುವುದಿಲ್ಲ. ಹೊರಟ ಕ್ಷಣದಿಂದ ನೆಲ ಮುಟ್ಟುವವರೆಗೆ ವೇಗೋತ್ಕರ್ಷ ಕೆಳಮುಖವಾಗಿ ಜಿ ಆಗಿಯೇ ಇರುತ್ತದೆ.

ಇದರಿಂದ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ: ವೇಗವೂ ವೇಗೋತ್ಕರ್ಷವೂ ಲಂಬಕೋನದಲ್ಲಿರುವ ಜಾಗ ಯಾವುದು? ತುದಿ. ಅಲ್ಲಿ ವೇಗ ಪೂರ್ತಿ ಅಡ್ಡ, ವೇಗೋತ್ಕರ್ಷ ಪೂರ್ತಿ ಕೆಳಕ್ಕೆ.

## ಲೆಕ್ಕಕ್ಕೆ ಕೂತಾಗ

ಲೆಕ್ಕ ಓದಿದ ತಕ್ಷಣ ಯಾವ ಸೂತ್ರ ಹಾಕ್ಬೇಕು ಅಂತಾನೇ ಗೊತ್ತಾಗಲ್ಲ. ಎಲ್ಲಿಂದ ಶುರು ಮಾಡೋದು?

ಸೂತ್ರದಿಂದ ಶುರು ಮಾಡಬೇಡಿ. ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಕ್ಕೆ 'ಅಡ್ಡ', ಬಲಕ್ಕೆ 'ಲಂಬ' ಅಂತ ಬರೆಯಿರಿ. ಎರಡೂ ಕಡೆಗೆ ಸಾಮಾನ್ಯವಾದದ್ದು ಒಂದೇ, ಕಾಲ. ಬಹುತೇಕ ಲೆಕ್ಕಗಳಲ್ಲಿ ಲಂಬದ ಕಡೆಯಿಂದ ಕಾಲ ಸಿಗುತ್ತದೆ, ಅದನ್ನು ಅಡ್ಡದ ಕಡೆಗೆ ಒಯ್ದರೆ ದೂರ ಸಿಗುತ್ತದೆ.

ಒಂದು ಲೆಕ್ಕ ಪೂರ್ತಿ ಮಾಡೋಣ. 15 ಮೀಟರ್ ಎತ್ತರದ ತಾರಸಿಯಿಂದ ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ಅಡ್ಡರೇಖೆಯಿಂದ 30 ಡಿಗ್ರಿ ಮೇಲ್ಮುಖವಾಗಿ ಎಸೆದಿದ್ದಾರೆ. ಕಟ್ಟಡದ ಬುಡದಿಂದ ಎಷ್ಟು ದೂರದಲ್ಲಿ ಬೀಳುತ್ತದೆ?

ಮೊದಲು ವೇಗವನ್ನು ಒಡೆಯಿರಿ. ಅಡ್ಡ ವೇಗ 20 × ಕಾಸ್ 30 = 17.32. ಲಂಬ ವೇಗ 20 × ಸೈನ್ 30 = 10. ಮೇಲ್ಮುಖ ಪ್ಲಸ್ ಅಂತ ಇಟ್ಟುಕೊಳ್ಳೋಣ. ಎಸೆದ ಜಾಗದಿಂದ ನೆಲ 15 ಮೀಟರ್ ಕೆಳಗಿದೆ, ಹಾಗಾಗಿ ಲಂಬ ಸ್ಥಾನಪಲ್ಲಟ ಮೈನಸ್ 15.

ಲಂಬದ ಕಡೆ: −15 = 10 × ಕಾಲ − 5 × ಕಾಲದ ವರ್ಗ. ಎಲ್ಲವನ್ನೂ 5ರಿಂದ ಭಾಗಿಸಿ ಒಂದು ಕಡೆಗೆ ತಂದರೆ, ಕಾಲದ ವರ್ಗ − 2 × ಕಾಲ − 3 = 0. ಉತ್ತರಗಳು 3 ಮತ್ತು −1. ನಮಗೆ ಬೇಕಾದದ್ದು 3 ಸೆಕೆಂಡ್.

ಅಡ್ಡದ ಕಡೆ: 17.32 × 3 = 51.96, ಅಂದರೆ ಸುಮಾರು 52 ಮೀಟರ್.

ಗಮನಿಸಿ, ಚೆಂಡು ಮೇಲೆ ಹೋಗುವ ಭಾಗ, ಕೆಳಗೆ ಬರುವ ಭಾಗ ಅಂತ ಬೇರೆ ಬೇರೆ ಮಾಡಲಿಲ್ಲ. ತುಂಬಾ ಜನ ತುದಿಯವರೆಗೆ ಒಂದು ಲೆಕ್ಕ, ಅಲ್ಲಿಂದ ನೆಲಕ್ಕೆ ಇನ್ನೊಂದು ಲೆಕ್ಕ ಮಾಡುತ್ತಾರೆ. ಉತ್ತರ ಸರಿಯೇ ಬರುತ್ತದೆ, ಆದರೆ ಕೆಲಸ ದುಪ್ಪಟ್ಟು. ಚಿಹ್ನೆ ಸರಿಯಾಗಿ ಇಟ್ಟರೆ ಒಂದೇ ಸಮೀಕರಣ ಇಡೀ ಹಾರಾಟವನ್ನು ನೋಡಿಕೊಳ್ಳುತ್ತದೆ.

ಕಾಲ ಮೈನಸ್ 1 ಸೆಕೆಂಡ್ ಅಂತ ಬಂತಲ್ಲ, ಅದಕ್ಕೆ ಅರ್ಥ ಇದೆಯಾ, ಸುಮ್ನೆ ಬಿಟ್ಬಿಡೋದಾ?

ಉತ್ತರ ಬರೆಯುವಾಗ ಬಿಡಬೇಕು. ಅರ್ಥ ಮಾತ್ರ ಚೆನ್ನಾಗಿದೆ. ಸಮೀಕರಣಕ್ಕೆ ತಾರಸಿ ಗೊತ್ತಿಲ್ಲ, ಪ್ಯಾರಬೋಲ ಮಾತ್ರ ಗೊತ್ತು. ತಾರಸಿಯೇ ಇಲ್ಲದೆ ಚೆಂಡು ನೆಲದಿಂದ ಹೊರಟು ಇದೇ ದಾರಿಯಲ್ಲಿ ಬಂದಿದ್ದರೆ, ತಾರಸಿಯ ಮಟ್ಟ ತಲುಪುವುದಕ್ಕೆ 1 ಸೆಕೆಂಡ್ ಮೊದಲು ನೆಲದ ಮೇಲಿರುತ್ತಿತ್ತು. ಮೈನಸ್ 1 ಹೇಳುವುದು ಅದನ್ನೇ.

ಜಿ ಪ್ಲಸ್ಸಾ ಮೈನಸ್ಸಾ? ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ.

ಮೇಲ್ಮುಖ ಪ್ಲಸ್ ಅಂದುಕೊಂಡರೆ ಜಿ ಯಾವಾಗಲೂ ಮೈನಸ್, ಚೆಂಡು ಏರುತ್ತಿರಲಿ ಇಳಿಯುತ್ತಿರಲಿ. ಕೆಳಮುಖ ಪ್ಲಸ್ ಅಂದುಕೊಂಡರೆ ಯಾವಾಗಲೂ ಪ್ಲಸ್. 'ಏರುವಾಗ ಮೈನಸ್, ಇಳಿಯುವಾಗ ಪ್ಲಸ್' ಎಂಬ ಪಾಠ ಹೈಸ್ಕೂಲಿನಿಂದ ತಲೆಯಲ್ಲಿ ಕೂತಿದ್ದರೆ ದಯವಿಟ್ಟು ಬಿಡಿ. ಚಿಹ್ನೆ ತೀರ್ಮಾನವಾಗುವುದು ನೀವು ಆರಿಸಿದ ದಿಕ್ಕಿನಿಂದ, ಚೆಂಡು ಹೋಗುವ ದಿಕ್ಕಿನಿಂದ ಅಲ್ಲ. ಲೆಕ್ಕದ ಮೊದಲ ಸಾಲಿನಲ್ಲೇ 'ಮೇಲ್ಮುಖ ಪ್ಲಸ್' ಅಂತ ಬರೆದುಬಿಡಿ. ಮಧ್ಯದಲ್ಲಿ ಬದಲಾಯಿಸಬೇಡಿ.

ಸೈನ್ ಯಾವುದಕ್ಕೆ, ಕಾಸ್ ಯಾವುದಕ್ಕೆ ಅನ್ನೋದೇ ಗೊಂದಲ.

'ಅಡ್ಡಕ್ಕೆ ಕಾಸ್' ಅಂತ ಬಾಯಿಪಾಠ ಮಾಡಿದರೆ ಒಂದು ದಿನ ಕೈಕೊಡುತ್ತದೆ. ಕೋನವನ್ನು ಲಂಬರೇಖೆಯಿಂದ ಕೊಟ್ಟಿದ್ದರೆ ಅಡ್ಡಕ್ಕೆ ಸೈನ್ ಆಗುತ್ತದೆ. ಕೋನಕ್ಕೆ ಅಂಟಿಕೊಂಡ ಭುಜಕ್ಕೆ ಕಾಸ್, ಎದುರಿನ ಭುಜಕ್ಕೆ ಸೈನ್. ಅನುಮಾನ ಬಂದರೆ ಕೋನವನ್ನು ಸೊನ್ನೆ ಮಾಡಿ ನೋಡಿ. ನೆಲಮಟ್ಟದಿಂದ ಸೊನ್ನೆ ಡಿಗ್ರಿ ಅಂದರೆ ವೇಗವೆಲ್ಲ ಅಡ್ಡಕ್ಕೇ ಇರಬೇಕು. ಕಾಸ್ ಸೊನ್ನೆ 1, ಸರಿಹೋಯಿತು.

ಜಿ 9.8 ಹಾಕ್ಬೇಕಾ 10 ಹಾಕ್ಬೇಕಾ?

ಪ್ರಶ್ನೆಯಲ್ಲಿ ಕೊಟ್ಟದ್ದನ್ನು ಹಾಕಿ. ಕೊಡದಿದ್ದರೆ ವಿವರವಾಗಿ ಬರೆಯುವ ಉತ್ತರಕ್ಕೆ 9.8 ಒಳ್ಳೆಯದು. ಆಯ್ಕೆ ಪ್ರಶ್ನೆಗಳಲ್ಲಿ ಯಾವುದು ಚೊಕ್ಕ ಸಂಖ್ಯೆ ಕೊಡುತ್ತದೆ ಅಂತ ನೋಡಿ: 19.6, 4.9, 29.4 ಕಂಡರೆ 9.8 ಹಾಕಿ. 20, 45, 80 ಕಂಡರೆ 10 ಹಾಕಿ. ಭೂಮಿಯ ಮೇಲೆ ಇದು ಎಲ್ಲ ಕಡೆ ಒಂದೇ ಅಲ್ಲ. ಧ್ರುವಗಳಲ್ಲಿ ಸುಮಾರು 9.83, ಬೆಂಗಳೂರಿನಲ್ಲಿ ಸುಮಾರು 9.78.

ರೇಂಜ್ ಸೂತ್ರ ಹಾಕಿದ್ರೆ ಯಾಕೆ ಕೆಲವು ಸಲ ತಪ್ಪು ಉತ್ತರ ಬರುತ್ತೆ?

ರೇಂಜ್ ಅಂದರೆ ಹೊರಟ ಜಾಗದಿಂದ ಬಿದ್ದ ಜಾಗಕ್ಕಿರುವ ಅಡ್ಡ ದೂರ. ರೇಂಜ್ = ಯು ವರ್ಗ × ಸೈನ್ 2ಥೀಟಾ ÷ ಜಿ. ಈ ಸೂತ್ರಕ್ಕೆ ಒಂದು ಷರತ್ತು ಇದೆ. ಹೊರಟ ಮಟ್ಟ, ಬಿದ್ದ ಮಟ್ಟ ಒಂದೇ ಆಗಿರಬೇಕು. ಮೇಲಿನ ತಾರಸಿ ಲೆಕ್ಕಕ್ಕೆ ಇದನ್ನು ಹಾಕಿದರೆ 34.6 ಮೀಟರ್ ಬರುತ್ತದೆ. ಸರಿಯಾದದ್ದು 52. ಆ 34.6 ಏನು ಹಾಗಾದರೆ? ಚೆಂಡು ಮತ್ತೆ ತಾರಸಿಯ ಮಟ್ಟಕ್ಕೆ ಬಂದಾಗ ಇರುವ ದೂರ. ಹಾರಾಟದ ಕಾಲ 2 × ಯು × ಸೈನ್ ಥೀಟಾ ÷ ಜಿ ಎನ್ನುವ ಸೂತ್ರಕ್ಕೂ ಇದೇ ಷರತ್ತು. ತಾರಸಿ, ಬೆಟ್ಟ, ಗೋಡೆ, ಬಾವಿ, ಬ್ಯಾಸ್ಕೆಟ್‌ಬಾಲ್ ರಿಂಗ್, ಇಂಥ ಪದ ಕಂಡ ತಕ್ಷಣ ಈ ಎರಡು ಸೂತ್ರ ಮರೆತು ಗೆರೆ ಎಳೆದ ಹಾಳೆಗೆ ವಾಪಸ್ ಬನ್ನಿ.

ಕೆಸಿಇಟಿಯಲ್ಲಿ ಕ್ಯಾಲ್ಕುಲೇಟರ್ ಬಿಡಲ್ಲ. ಉತ್ತರ ಸರಿಯಾ ಅಂತ ಬೇಗ ಹೇಗೆ ನೋಡೋದು?

ಶಕ್ತಿಯ ಲೆಕ್ಕ ಬಳಸಿ. ಗಾಳಿಯ ತಡೆ ಇಲ್ಲದಿದ್ದರೆ ನೆಲ ಮುಟ್ಟುವ ವೇಗದ ವರ್ಗ = ಯು ವರ್ಗ + 2 × ಜಿ × ಎತ್ತರ. ತಾರಸಿ ಲೆಕ್ಕದಲ್ಲಿ 400 + 300 = 700. ಇನ್ನೊಂದು ದಾರಿಯಲ್ಲಿ ನೋಡಿ: 3 ಸೆಕೆಂಡ್ ಆದ ಮೇಲೆ ಲಂಬ ವೇಗ 10 − 30 = −20, ಅಡ್ಡ ವೇಗದ ವರ್ಗ 300, ಒಟ್ಟು 400 + 300 = 700. ಎರಡೂ ಹೊಂದಿದವು. ಕೋನ ಈ ಶಕ್ತಿಯ ಲೆಕ್ಕದಲ್ಲಿ ಎಲ್ಲೂ ಇಲ್ಲ ಅನ್ನುವುದನ್ನೂ ನೋಡಿ. ಅದೇ ತಾರಸಿಯಿಂದ ಅದೇ ವೇಗದಲ್ಲಿ ಯಾವ ದಿಕ್ಕಿಗೆ ಎಸೆದರೂ ನೆಲಕ್ಕೆ ಬಡಿಯುವ ವೇಗ ಒಂದೇ. ಇದು ಆಯ್ಕೆ ಪ್ರಶ್ನೆಯಾಗಿ ಬರಬಹುದಾದ ವಿಷಯ.

## ಕೋನದ ಸುತ್ತ

30 ಡಿಗ್ರಿಗೂ 60 ಡಿಗ್ರಿಗೂ ರೇಂಜ್ ಒಂದೇ ಅಂದ್ರೆ ಎರಡೂ ಒಂದೇ ಥರ ಹಾರುತ್ತಾ?

ಇಲ್ಲ, ಬೀಳುವ ಜಾಗ ಮಾತ್ರ ಒಂದೇ. ಸೆಕೆಂಡಿಗೆ 20 ಮೀಟರ್ ವೇಗಕ್ಕೆ 30 ಡಿಗ್ರಿಯಲ್ಲಿ ಹಾರಾಟ 2 ಸೆಕೆಂಡ್, ಎತ್ತರ 5 ಮೀಟರ್. 60 ಡಿಗ್ರಿಯಲ್ಲಿ 3.46 ಸೆಕೆಂಡ್, ಎತ್ತರ 15 ಮೀಟರ್. ಒಟ್ಟು 90 ಆಗುವ ಯಾವ ಜೋಡಿ ಕೋನಕ್ಕೂ ರೇಂಜ್ ಒಂದೇ. ಬೌಂಡರಿಯಿಂದ ಎಸೆಯುವ ಫೀಲ್ಡರ್ ಚಿಕ್ಕ ಕೋನವನ್ನೇ ಆರಿಸುತ್ತಾನೆ, ಚೆಂಡು ಬೇಗ ಕೀಪರ್ ಕೈ ಸೇರಬೇಕಲ್ಲ.

45 ಡಿಗ್ರಿಗೆ ಎಸೆದ್ರೆ ಅತಿ ದೂರ ಹೋಗುತ್ತೆ ಅಂತೀರಿ. ಮತ್ತೆ ಶಾಟ್‌ಪುಟ್‌ನವರು ಯಾಕೆ ಅದಕ್ಕಿಂತ ಕಡಿಮೆ ಕೋನದಲ್ಲಿ ಎಸೀತಾರೆ?

ಎರಡು ಕಾರಣ. ಗುಂಡು ಹೊರಡುವುದು ನೆಲದಿಂದಲ್ಲ, ಸುಮಾರು 2 ಮೀಟರ್ ಎತ್ತರದಿಂದ. ಆಗ ಅತ್ಯುತ್ತಮ ಕೋನದ ಟ್ಯಾನ್ = ಯು ÷ (ಯು ವರ್ಗ + 2 × ಜಿ × ಎತ್ತರ)ದ ವರ್ಗಮೂಲ. ಯು 14, ಎತ್ತರ 2, ಜಿ 9.8 ಹಾಕಿದರೆ ಕೋನ ಸುಮಾರು 42 ಡಿಗ್ರಿ. ಎರಡನೆಯದು ದೇಹದ ಕಾರಣ. ಕೋನ ಹೆಚ್ಚಿದಷ್ಟೂ ಮನುಷ್ಯನ ತೋಳು ಕೊಡಬಲ್ಲ ವೇಗ ಕಡಿಮೆಯಾಗುತ್ತದೆ. ಹಾಗಾಗಿ ನಿಜವಾದ ಕೋನ 42ಕ್ಕಿಂತಲೂ ಕೆಳಗಿರುತ್ತದೆ. ಲಾಂಗ್ ಜಂಪ್‌ನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಪೂರ್ತಿ ವೇಗದಲ್ಲಿ ಓಡಿಬಂದು 45 ಡಿಗ್ರಿಗೆ ಜಿಗಿಯಲು ಯಾರಿಂದಲೂ ಆಗುವುದಿಲ್ಲ, ಒಳ್ಳೆಯ ಜಿಗಿತಗಳು 20 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. 45 ಎನ್ನುವುದು ಎಲ್ಲ ಕೋನಕ್ಕೂ ವೇಗ ಒಂದೇ ಇದ್ದಾಗಿನ, ಒಂದೇ ಮಟ್ಟದಲ್ಲಿ ಬೀಳುವಾಗಿನ ಉತ್ತರ.

ಇಳಿಜಾರಿನ ಮೇಲೆ ಎಸೆಯೋ ಲೆಕ್ಕ ಬಂದ್ರೆ ಬಿಟ್ಟೇಬಿಡ್ತೀನಿ. ಸುಲಭದ ದಾರಿ ಇದೆಯಾ?

ಅಕ್ಷಗಳನ್ನು ತಿರುಗಿಸಿ. ಒಂದು ಅಕ್ಷ ಇಳಿಜಾರಿನ ಉದ್ದಕ್ಕೆ, ಇನ್ನೊಂದು ಅದಕ್ಕೆ ಲಂಬವಾಗಿ. ಇಳಿಜಾರಿನ ಕೋನ ಆಲ್ಫಾ ಆದರೆ ಲಂಬದ ಕಡೆ ವೇಗೋತ್ಕರ್ಷ ಜಿ × ಕಾಸ್ ಆಲ್ಫಾ, ಉದ್ದದ ಕಡೆ ಜಿ × ಸೈನ್ ಆಲ್ಫಾ. ಈಗ ಎರಡೂ ಕಡೆ ವೇಗೋತ್ಕರ್ಷ ಇದೆ, ಬೇರೇನೂ ಬದಲಾಗಿಲ್ಲ. ಇಳಿಜಾರಿಗೆ ಲಂಬವಾದ ದೂರ ಸೊನ್ನೆ ಎಂದಿಟ್ಟರೆ ಕಾಲ = 2 × ಯು × ಸೈನ್ (ಥೀಟಾ − ಆಲ್ಫಾ) ÷ (ಜಿ × ಕಾಸ್ ಆಲ್ಫಾ).

ಅತಿ ದೂರಕ್ಕೆ ಯಾವ ಕೋನ? ಇಳಿಜಾರು ಮತ್ತು ಲಂಬರೇಖೆಯ ನಡುವಿನ ಕೋನವನ್ನು ಸರಿಯಾಗಿ ಅರ್ಧ ಮಾಡುವ ದಿಕ್ಕು. ಏರು 30 ಡಿಗ್ರಿ ಇದ್ದರೆ 60 ಡಿಗ್ರಿಗೆ ಎಸೆಯಬೇಕು. 30 ಡಿಗ್ರಿ ಇಳಿಮುಖ ಇದ್ದರೆ 30 ಡಿಗ್ರಿಗೆ. ಸಮತಟ್ಟು ನೆಲಕ್ಕೆ 0 ಮತ್ತು 90ರ ಅರ್ಧ, ನಮ್ಮ ಹಳೆಯ 45. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಫಲಿತಾಂಶ ಇದು. 45 ಯಾಕೆ ಅನ್ನುವುದಕ್ಕೆ ಸೈನ್ 2ಥೀಟಾ ಕೊಡುವುದಕ್ಕಿಂತ ಒಳ್ಳೆಯ ಉತ್ತರ ಇಲ್ಲಿದೆ.

ಮಧ್ಯದಲ್ಲಿ ಗೋಡೆ ಇದೆ, ಚೆಂಡು ದಾಟುತ್ತಾ ಅಂತ ಕೇಳಿದ್ರೆ?

ಇಲ್ಲಿ ಕಾಲ ಬೇಕಿಲ್ಲ, ಪಥದ ಸಮೀಕರಣ ಸಾಕು. ಎತ್ತರ = ದೂರ × ಟ್ಯಾನ್ ಥೀಟಾ − ಜಿ × ದೂರದ ವರ್ಗ ÷ (2 × ಯು ವರ್ಗ × ಕಾಸ್ ವರ್ಗ ಥೀಟಾ). ಯು 20, ಕೋನ 45 ಆದರೆ ಇದು ಚಿಕ್ಕದಾಗುತ್ತದೆ: ಎತ್ತರ = ದೂರ − ದೂರದ ವರ್ಗ ÷ 40. ಗೋಡೆ 30 ಮೀಟರ್ ದೂರದಲ್ಲಿದ್ದರೆ ಅಲ್ಲಿ ಚೆಂಡಿನ ಎತ್ತರ 30 − 22.5 = 7.5 ಮೀಟರ್. ಗೋಡೆ 5 ಮೀಟರ್ ಇದ್ದರೆ ಆರಾಮಾಗಿ ದಾಟುತ್ತದೆ, 8 ಮೀಟರ್ ಇದ್ದರೆ ಬಡಿಯುತ್ತದೆ.

## ಇನ್ನೂ ಮುಂದಕ್ಕೆ

ವಿಮಾನದಿಂದ ಪೊಟ್ಟಣ ಬಿಟ್ರೆ ಅದು ಹಿಂದಕ್ಕೆ ಬೀಳುತ್ತಲ್ವಾ?

ನೆಲದ ಮೇಲೆ ನಿಂತವರಿಗೆ ಅದು ಮುಂದಕ್ಕೇ ಹೋಗುತ್ತದೆ. ಕೈಬಿಟ್ಟ ಕ್ಷಣದಲ್ಲಿ ಪೊಟ್ಟಣಕ್ಕೂ ವಿಮಾನದ ವೇಗ ಇರುತ್ತದೆ. ನೆರೆಪೀಡಿತ ಊರಿಗೆ 180 ಮೀಟರ್ ಎತ್ತರದಿಂದ, ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹೋಗುತ್ತಾ ಆಹಾರದ ಪೊಟ್ಟಣ ಬಿಡಬೇಕು ಅಂದುಕೊಳ್ಳಿ. ಬೀಳಲು 6 ಸೆಕೆಂಡ್ ಬೇಕು. ಅಷ್ಟರಲ್ಲಿ 300 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಗುರಿಗೆ 300 ಮೀಟರ್ ಮೊದಲೇ ಬಿಡಬೇಕು. ಗಾಳಿಯ ತಡೆ ಇಲ್ಲದಿದ್ದರೆ ಪೈಲಟ್‌ಗೆ ಪೊಟ್ಟಣ ಸದಾ ತನ್ನ ನೇರ ಕೆಳಗೇ ಕಾಣುತ್ತದೆ.

ಮರದಿಂದ ಬೀಳ್ತಿರೋ ಮಾವಿನಹಣ್ಣಿಗೆ ಕಲ್ಲು ಹೊಡೀಬೇಕಂದ್ರೆ ಹಣ್ಣಿಗಿಂತ ಕೆಳಗೆ ಗುರಿ ಇಡಬೇಕಲ್ವಾ?

ಕಲ್ಲು ಹೊರಟ ಕ್ಷಣವೇ ಹಣ್ಣು ತೊಟ್ಟು ಕಳಚಿದರೆ, ನೇರವಾಗಿ ಹಣ್ಣಿಗೇ ಗುರಿ ಇಡಬೇಕು. ಗುರುತ್ವವೇ ಇಲ್ಲದಿದ್ದರೆ ಕಲ್ಲು ನೇರ ಗೆರೆಯಲ್ಲಿ ಹೋಗಿ ಹಣ್ಣಿಗೆ ತಗಲುತ್ತಿತ್ತು. ಗುರುತ್ವ ಇದ್ದಾಗ ಕಲ್ಲು ಆ ಗೆರೆಯಿಂದ ಎಷ್ಟು ಕೆಳಗಿಳಿಯುತ್ತದೋ, ಹಣ್ಣು ಕೂಡ ಅಷ್ಟೇ ಹೊತ್ತಿನಲ್ಲಿ ಅಷ್ಟೇ ಕೆಳಗೆ ಬಂದಿರುತ್ತದೆ. ಷರತ್ತು ಒಂದೇ, ಹಣ್ಣು ನೆಲ ಮುಟ್ಟುವ ಮೊದಲು ಕಲ್ಲು ಅಲ್ಲಿಗೆ ತಲುಪುವಷ್ಟು ವೇಗ ಇರಬೇಕು. ಗಾಳಿಯಲ್ಲಿರುವ ಎರಡು ವಸ್ತುಗಳ ಲೆಕ್ಕ ಯಾವುದೇ ಇರಲಿ, ಈ ಉಪಾಯ ನೆನಪಿಡಿ. ಒಂದರ ಮೇಲೆ ಕೂತು ಇನ್ನೊಂದನ್ನು ನೋಡಿದರೆ ಜಿ ಮಾಯವಾಗುತ್ತದೆ. ಉಳಿಯುವುದು ನೇರ ಗೆರೆ, ಒಂದೇ ವೇಗ.

ಈ ಸೂತ್ರಗಳು ಕ್ರಿಕೆಟ್ ಚೆಂಡಿಗೆ ನಿಜವಾಗ್ಲೂ ಕೆಲಸ ಮಾಡ್ತವಾ?

ಅರ್ಧ ಮಾತ್ರ. ಬ್ಯಾಟಿನಿಂದ ಸೆಕೆಂಡಿಗೆ 40 ಮೀಟರ್ ವೇಗದಲ್ಲಿ, 45 ಡಿಗ್ರಿಗೆ ಹೊರಟ ಚೆಂಡಿಗೆ ಸೂತ್ರ ಕೊಡುವ ರೇಂಜ್ 160 ಮೀಟರ್. ಮೈದಾನದಲ್ಲಿ 100 ಮೀಟರ್ ಸಿಕ್ಸರ್ ಅಂದರೇ ದೊಡ್ಡದು. ವ್ಯತ್ಯಾಸ ಗಾಳಿಯದು. ಆ ವೇಗದಲ್ಲಿ ಗಾಳಿಯ ತಡೆ ಹೆಚ್ಚುಕಡಿಮೆ ಚೆಂಡಿನ ತೂಕದಷ್ಟೇ ಆಗುತ್ತದೆ. ಗಾಳಿ ಇದ್ದಾಗ ಪಥ ಪ್ಯಾರಬೋಲ ಅಲ್ಲ. ಏರುವ ಭಾಗ ಉದ್ದ, ಇಳಿಯುವ ಭಾಗ ಕಡಿದು. ಅತ್ಯುತ್ತಮ ಕೋನವೂ 45ಕ್ಕಿಂತ ಕಡಿಮೆಯಾಗುತ್ತದೆ.

ಜಾವೆಲಿನ್‌ನಲ್ಲಿ ಗಾಳಿ ತಡೆಯುವುದರ ಜೊತೆಗೆ ಎತ್ತಿಯೂ ಹಿಡಿಯುತ್ತದೆ. 1984ರಲ್ಲಿ ಪೂರ್ವ ಜರ್ಮನಿಯ ಊವೆ ಹೋನ್ 104.80 ಮೀಟರ್ ಎಸೆದ. ಮೈದಾನವೇ ಸಾಲದೆ ಹೋಗುವ ಭಯ ಬಂತು. 1986ರಿಂದ ಪುರುಷರ ಜಾವೆಲಿನ್‌ನ ಗುರುತ್ವಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ತಂದರು. ಮೂತಿ ಬೇಗ ಕೆಳಕ್ಕೆ ಬಾಗುವುದರಿಂದ ದೂರ ಕಡಿಮೆಯಾಯಿತು. ನೀರಜ್ ಚೋಪ್ರಾ ಟೋಕಿಯೊದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದದ್ದು ಈ ಹೊಸ ಜಾವೆಲಿನ್‌ನಿಂದ. ಎರಡರ ದೂರಗಳನ್ನು ಹೋಲಿಸುವುದು ಸರಿಯಲ್ಲ.

ಭೂಮಿ ದುಂಡಗಿದೆಯಲ್ಲ, ತುಂಬಾ ದೂರ ಹೋಗೋ ಗುಂಡಿಗೂ ಪ್ಯಾರಬೋಲಾನೇನಾ?

ಚೆಂಡಿನ ದೂರಗಳಿಗೆ ಚಿಂತೆ ಬೇಡ. 1 ಕಿಲೋಮೀಟರ್‌ನಲ್ಲಿ ನೆಲ ಬಾಗುವುದು ಸುಮಾರು 8 ಸೆಂಟಿಮೀಟರ್. ಆದರೆ ನೂರಾರು ಕಿಲೋಮೀಟರ್ ಆದಾಗ ಬಿಡುವಂತಿಲ್ಲ. ಗಾಳಿಯನ್ನು ಮರೆತರೆ ನಿಜವಾದ ಪಥ ದೀರ್ಘವೃತ್ತದ ಒಂದು ತುಂಡು. ಭೂಮಿಯ ಕೇಂದ್ರ ಅದರ ಒಂದು ನಾಭಿ. ನಮ್ಮ ಪ್ಯಾರಬೋಲ ಅದರ ಚಿಕ್ಕ ತುದಿಗೆ ತುಂಬಾ ಹತ್ತಿರದ ಅಂದಾಜು.

1918ರಲ್ಲಿ ಜರ್ಮನ್ನರು ಪ್ಯಾರಿಸ್ ಮೇಲೆ ಸುಮಾರು 120 ಕಿಲೋಮೀಟರ್ ದೂರದಿಂದ ಫಿರಂಗಿ ಹಾರಿಸಿದರು. ಗುಂಡು ಸುಮಾರು 40 ಕಿಲೋಮೀಟರ್ ಎತ್ತರಕ್ಕೆ ಹೋಗುತ್ತಿತ್ತು. ಹಾರಾಟ 3 ನಿಮಿಷದಷ್ಟು. ಇಂಥ ಹಾರಾಟಕ್ಕೆ ಭೂಮಿಯ ತಿರುಗುವಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫಿರಂಗಿಯ ಕೋನ 45ಕ್ಕಿಂತ ಜಾಸ್ತಿ ಇತ್ತು, ಕ್ರಿಕೆಟ್ ಚೆಂಡಿಗೆ ಹೇಳಿದ್ದಕ್ಕೆ ತದ್ವಿರುದ್ಧ. ಗುಂಡು ಬೇಗ ಮೇಲಿನ ತೆಳು ಗಾಳಿಗೆ ಹೋದರೆ ಉಳಿದ ದಾರಿಯಲ್ಲಿ ತಡೆ ತೀರಾ ಕಡಿಮೆ.

ಪರೀಕ್ಷೆಯ ಮಟ್ಟಿಗೆ ನೆಲ ಚಪ್ಪಟೆ, ಜಿ ಸ್ಥಿರ. ಪ್ರಶ್ನೆಯಲ್ಲಿ ಭೂಮಿಯ ತ್ರಿಜ್ಯ ಕೊಟ್ಟಿದ್ದರೆ ಮಾತ್ರ ಈ ಪಾಠದ ಸೂತ್ರಗಳನ್ನು ಬಿಟ್ಟು ಗುರುತ್ವಾಕರ್ಷಣೆಯ ಪಾಠದ ಶಕ್ತಿ ಸಮೀಕರಣದಿಂದ ಶುರು ಮಾಡಿ.